ಮೂರನೆಯ ಸಾಲಿನ ಜಾಗ

ಕಾಯುವ ಕೋಣೆಯ ಟೀವಿಯಲ್ಲಿ ತನ್ನದೇ ದನಿ ಬಂದಾಗ ಅವನು ಮೊದಲು ಮಾಡಿದ ಕೆಲಸವೆಂದರೆ ಅತ್ತಿತ್ತ ನೋಡಿದ್ದು. ಯಾರಾದರೂ ಗುರುತು ಹಿಡಿದಾರೆಂಬ ಭಯ ಒಂದು ಕಡೆ, ಯಾರೂ ಹಿಡಿಯುತ್ತಿಲ್ಲವಲ್ಲ ಎಂಬ ಬೇಸರ ಇನ್ನೊಂದು ಕಡೆ. ಟೀವಿಯಲ್ಲಿ ಒಂದು ಸುಖೀ ಸಂಸಾರ ತಾರಸಿಯ ಮೇಲೆ ನಿಂತು, ಮಳೆಗೆ ಮುಖವೊಡ್ಡಿ ಕುಣಿಯುತ್ತಿತ್ತು. ಕೆಳಗೆ ಅವರ ಸೂರು ಸೋರುತ್ತಿರಲಿಲ್ಲ, ಯಾಕೆಂದರೆ ಅದಕ್ಕೆ ಬಳಿದ ಬಣ್ಣ ಅಂಥದ್ದು. ‘ಮಳೆ ಬಂತಲ್ಲ, ಮಳೆ ಬಂತಲ್ಲ’ ಎಂದು ಅವನ ದನಿ ಅವರನ್ನು ಕುಣಿಸುತ್ತಿತ್ತು. ಆ ಪದ ಕಟ್ಟಿದ ಅನುಭಾವಿ ಎಷ್ಟೋ ತಲೆಮಾರಿನ ಹಿಂದೆ ಊರೂರು ಅಲೆದು ಉಪ್ಪು ಮಾರುತ್ತಿದ್ದನಂತೆ. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಉಪ್ಪಿನಯ್ಯ ಎಂದೇ ಎಲ್ಲರೂ ಕರೆಯುವುದು. ಲೋಕದ ಹಂಗು ಹರಿದುಕೊಂಡು ಹೋದವನು ಕೊನೆಗೆ ಬಣ್ಣದ ಡಬ್ಬದ ಮೇಲೆ ಬಂದು ಕೂತಿದ್ದ. ಡಬ್ಬ ಒಂದು ಸುತ್ತು ತಿರುಗಿ ನಿಂತಿತು. ಪಕ್ಕದ ಕುರ್ಚಿಯ ಹೆಂಗಸು ಆಕಳಿಸಿದಳು.

ಅಪ್ಪ ಒಳಗಿನ ಕೋಣೆಯಲ್ಲಿದ್ದ. ಒಂದು ಬೆಳಿಗ್ಗೆ ತನ್ನ ಕ್ಷೌರದಂಗಡಿಯ ಬಾಗಿಲು ಎತ್ತಲು ಬಗ್ಗಿದವನು ಹಾಗೆಯೇ ಕುಸಿದು ಕೂತಿದ್ದ. ಬಲಗೈ ಮತ್ತು ಮಾತು ಎರಡೂ ಒಟ್ಟಿಗೆ ಹೋಗಿದ್ದವು. ಕೈ ಈಗ ಒಂದೊಂದೇ ಬೆರಳಾಗಿ ವಾಪಸ್ಸು ಬರುತ್ತಿತ್ತು, ಮಾತಿನ ಸುಳಿವಿರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತದೆ, ಹೇಳಲು ಬಾರದು. ಈ ಕೇಂದ್ರದಲ್ಲಿ ಮಾತು ಕಲಿಸುವವಳು, ಅಕ್ಕ ಅವಳನ್ನು ಟೀಚರಮ್ಮ ಎನ್ನುತ್ತಿದ್ದಳು, ಹೋದ ವಾರ ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು. ‘ಮಾತು ಹೋದವರಿಗೂ ಎಷ್ಟೋ ಸಲ ಹಾಡು ಉಳಿದಿರುತ್ತೆ. ತಲೇಲಿ ಅದರ ಜಾಗವೇ ಬೇರೆ. ಇವ್ರಿಗೆ ಚೆನ್ನಾಗಿ ಬಾಯಿಗೆ ಬರೋ ಹಾಡು ಯಾವ್ದಾದ್ರೂ ಇದೆಯಾ? ಮನೇವ್ರು ಜೊತೇಲಿ ಹಾಡಿದ್ರೆ ಅದರ ಬಾಲ ಹಿಡ್ಕೊಂಡು ಮಾತು ಬರಬಹುದು. ಈಗ್ಲೇ ಬರಬೇಕು. ತಡ ಆದಷ್ಟೂ ಕಷ್ಟ.’ ಅಕ್ಕ ಯೋಚನೆಯನ್ನೇ ಮಾಡದೆ ಅವನ ಕಡೆ ಬೆರಳು ತೋರಿಸಿದಳು. ‘ಇವನಿದಾನಲ್ಲ. ಅಪ್ಪ ಹಾಡ್ತಿದ್ದ ಪದಾನೇ ಊರಿಗೆಲ್ಲ ಹಾಡ್ತಾನೆ. ಅಪ್ಪನಿಗೆ ಹಾಡಕ್ಕೇನು?’ ಟೀಚರಮ್ಮ ಅವನನ್ನು ಹೊಸದಾಗಿ ನೋಡಿದಳು. ಆ ನೋಟ ಅವನಿಗೆ ಖುಷಿ ಕೊಟ್ಟಿತು. ಅಪ್ಪನ ನಾಲಿಗೆ ಬಿದ್ದುಹೋಗಿರುವ ಹೊತ್ತಿನಲ್ಲೂ ಖುಷಿ ಕೊಟ್ಟಿತು ಎಂಬುದನ್ನು ಅವನು ಆಮೇಲೆ ಬಸ್ಸಿನಲ್ಲಿ ಕೂತು ನೆನೆದು ನಾಚಿಕೊಂಡ.

ನಾಚಿಕೆಗೆ ಅಷ್ಟೇ ಕಾರಣವಿರಲಿಲ್ಲ. ಆವತ್ತು ಹಾಡುತ್ತೇನೆಂದು ಅಪ್ಪನ ಮುಂದೆ ಸ್ಟೂಲು ಎಳೆದುಕೊಂಡು ಕೂತ. ಕಣ್ಣು ಮುಚ್ಚಿದ. ಒಂದು ಕೈಯನ್ನು, ಇಲ್ಲದ ಮೈಕಿನ ಕಡೆಗೆ ಚಾಚಿದ. ಹಾಡು ಶುರುವಾಗಲಿಲ್ಲ. ತಂಡದ ಡ್ರಮ್ಮಿನವನು ಎರಡು ಕೋಲುಗಳನ್ನು ಒಂದಕ್ಕೊಂದು ಬಡಿದು ನಾಲ್ಕು ಎಣಿಸಿದ ಮೇಲೆ ಬಾಯಿ ತೆರೆಯುವುದು ಅವನ ಅಭ್ಯಾಸ. ಸ್ಟುಡಿಯೋ ಇರಲಿ, ವೇದಿಕೆಯಿರಲಿ, ಕಿವಿಯೊಳಗೆ ಆ ಟಕ್ ಟಕ್ ಇರಲೇಬೇಕು. ಇಲ್ಲಿ ಗೋಡೆ ಗಡಿಯಾರ ಬಿಟ್ಟರೆ ಬೇರೇನೂ ಬಡಿಯುತ್ತಿರಲಿಲ್ಲ. ‘ಯಾಕೆ, ನೀರು ಬೇಕಾ?’ ಎಂದಳು ಟೀಚರಮ್ಮ. ಅವನು ತಾನೇ ತೊಡೆಯ ಮೇಲೆ ಕದ್ದು ನಾಲ್ಕು ತಟ್ಟಿಕೊಂಡು ಶುರು ಮಾಡಿದ. ಮೊದಲ ಸಾಲಿಗೆ ಅಪ್ಪನ ತುಟಿ ಅಲುಗಿದ್ದು ನಿಜ. ಆದರೆ ಅದು ಬೇರೆ ಎಲ್ಲಿಗೋ ಹೊರಟಿತ್ತು. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವನ ಹಾಗೆ ಅಪ್ಪ ಒಮ್ಮೆ ಮುಗ್ಗರಿಸಿ, ಬಾಯಿ ಮುಚ್ಚಿ, ಮುಖವನ್ನು ಗೋಡೆಗೆ ತಿರುಗಿಸಿದ. ‘ಇವ್ರು ಬೇರೆ ಧಾಟೀಲಿ ಕಲ್ತಿದ್ರು ಅನ್ಸುತ್ತೆ’ ಎಂದಳು ಟೀಚರಮ್ಮ, ಮಕ್ಕಳಿಗೆ ಹೇಳುವ ಮೆತ್ತನೆಯ ದನಿಯಲ್ಲಿ. ‘ನಿಮ್ಮದು ಬೇಡ. ಅವ್ರು ಹಾಡ್ತಿದ್ದ ಹಾಗೇ ಹಾಡಿ.’ ಅವನು ತಲೆಯಾಡಿಸಿ ಬಾಯಿ ತೆರೆದ. ತಲೆಯೊಳಗೆ ಡ್ರಮ್ಮು ಬಂತು, ಅದರ ಹಿಂದೆ ಬೇಸ್ ಗಿಟಾರು ಬಂತು, ಅದರ ಹಿಂದೆ ಗಿಟಾರು ಬಂತು. ಅಪ್ಪನ ಧಾಟಿ ಬರಲಿಲ್ಲ.

ಮರೆತಿದ್ದ. ಸುಮ್ಮನೆ, ಪೂರ್ತಿಯಾಗಿ ಮರೆತಿದ್ದ. ವೇದಿಕೆಯ ಮೇಲೆ ಪ್ರತಿ ಸಲ, ‘ಈ ಹಾಡು ನನ್ನ ರಕ್ತದಲ್ಲಿದೆ’ ಎಂದು ಹೇಳಿಯೇ ಅವನು ಶುರು ಮಾಡುತ್ತಿದ್ದುದು. ರಕ್ತ ಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತು.

ಅಪ್ಪನ ಅಂಗಡಿಯಲ್ಲಿ ಎರಡು ಕುರ್ಚಿ, ಎದುರುಬದುರು ಕನ್ನಡಿ, ಒಂದರೊಳಗೊಂದು ಮುಖ ಹೋಗಿ ಹೋಗಿ ಹಸಿರಾಗಿ ಮಸುಕಾಗುವ ಆ ಸಾಲು. ಶಾಲೆ ಬಿಟ್ಟು ಬಂದು ಅವನು ಬಾಗಿಲ ಬಳಿಯ ಬೆಂಚಿನಲ್ಲಿ ಕೂರುತ್ತಿದ್ದ. ಅಪ್ಪ ಗಿರಾಕಿಯ ಗಲ್ಲ ಹಿಡಿದು, ತಲೆಯನ್ನು ಹಿಂದಕ್ಕೆ ವಾಲಿಸಿ, ಕತ್ತಿ ಎತ್ತಿದನೆಂದರೆ ಆ ಗಿರಾಕಿ ಮಾತಾಡುವ ಹಾಗಿಲ್ಲ, ಆಗ ಹಾಡು. ಅಪ್ಪನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ತಾತ ಅದೇ ಕುರ್ಚಿಯ ಹಿಂದೆ ನಿಂತು ಗುನುಗುತ್ತಿದ್ದುದನ್ನು ಕೇಳಿದ್ದ, ಅಷ್ಟೇ.

ಮನೆಯೊಳಗೇ ಇದ್ದು ಕದ ತಟ್ಟಿದೆನಲ್ಲ
ಯಾರದೆಂದು ಕೇಳಿತು ನನ್ನದೇ ದನಿ
ಯಾರೂ ಅಲ್ಲವೆನ್ನಲು ನಾಲಿಗೆ ಏಳಲಿಲ್ಲ
ಉಪ್ಪು ಹೊತ್ತವನಿಗೆ ಮಳೆ ಬಂತಲ್ಲ ತಾಯೆ

ಕೆನ್ನೆಯ ಉದ್ದಕ್ಕೆ ಕತ್ತಿ ಇಳಿಯುವಾಗ ಒಂದು ಎಳೆತ. ಹೆಗಲ ಮೇಲಿನ ಬಟ್ಟೆಗೆ ನೊರೆ ಒರೆಸುವಾಗ ಹಾಡು ನಿಲ್ಲುತ್ತಿತ್ತು, ಎಲ್ಲಿ ಅಂದರೆ ಅಲ್ಲಿ, ಪದದ ನಡುವೆಯೇ. ಮತ್ತೆ ಕತ್ತಿ ಚರ್ಮಕ್ಕೆ ತಾಗಿದಾಗ ಮುಂದುವರಿಯುತ್ತಿತ್ತು. ಗಂಟಲಿನ ಹತ್ತಿರ ಬಂದರೆ ಉಸಿರು ಹಿಡಿದು ಬಹಳ ಮೆಲ್ಲಗೆ. ಮೂರನೆಯ ಸಾಲು ಯಾವಾಗಲೂ ಗಂಟಲಿನ ಹತ್ತಿರವೇ ಬರುತ್ತಿತ್ತೆಂದು ಅವನಿಗೆ ನೆನಪು, ಅಥವಾ ಈಗ ಹಾಗೆ ನೆನಪಿಸಿಕೊಂಡರೆ ಚೆನ್ನಾಗಿರುತ್ತದೆಂದು ನೆನಪು. ಇಷ್ಟೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಸೋಪಿನ ವಾಸನೆ ಇದೆ, ಗಿರಾಕಿಯ ಕೊರಳಿನ ಗಂಟು ಏರಿಳಿದದ್ದೂ ಇದೆ. ಕಿವಿಗೆ ಮಾತ್ರ ಏನೂ ಇಲ್ಲ.

‘ತಾಳ ಎಲ್ಲಿದೆ ಇದ್ರಲ್ಲಿ?’ ಎಂದು ಕೇಳಿದ್ದು ತಂಡದ ಗಿಟಾರಿನವನು. ಸ್ಟುಡಿಯೋದಲ್ಲಿ ಕೂತು, ಇವನು ಮೊಬೈಲಿನಲ್ಲಿ ಹಿಡಿದು ತಂದಿದ್ದ ಅಪ್ಪನ ದನಿಯನ್ನು ಎಲ್ಲರೂ ಕೇಳಿಸಿಕೊಂಡಾಗ. ಅಪ್ಪ ಗಿರಾಕಿಗೆ ಕ್ಷೌರ ಮಾಡುತ್ತಿದ್ದಾಗ ಬೆಂಚಿನ ಮೇಲಿಂದ ಕದ್ದು ಹಿಡಿದದ್ದು ಅದು. ಗಿಟಾರಿನವನು ಇವನನ್ನು ‘ಸಂತ’ ಎಂದು ಕರೆಯುತ್ತಿದ್ದ. ಉದ್ದ ಕೂದಲಿಗೂ ಖಾದಿ ಜುಬ್ಬಕ್ಕೂ ಸೇರಿಸಿ ಇಟ್ಟ ಹೆಸರು. ಕ್ಷೌರಿಕನ ಮಗನ ಕೂದಲು ಭುಜದವರೆಗೆ ಇಳಿದಿರುವುದರಲ್ಲಿ ತಮಾಷೆಯಿದೆ ಎಂದು ಅಪ್ಪ ಒಂದೇ ಒಂದು ಸಲವೂ ಹೇಳಿರಲಿಲ್ಲ, ಪ್ರತಿ ಸಲ ಬರೀ ನೋಡುತ್ತಿದ್ದ. ‘ತಾಳ ಇಲ್ಲ, ಇವ್ರು ಮನಸ್ಸಿಗೆ ಬಂದಲ್ಲಿ ನಿಲ್ಲಿಸ್ತಾರೆ’ ಎಂದ ಮಿಕ್ಸಿಂಗ್ ಮಾಡುವವನು. ‘ಸರಿ ಮಾಡೋಣ ಬಿಡು.’ ಸರಿ ಮಾಡಿದರು. ನಿಂತಲ್ಲೆಲ್ಲ ಕತ್ತರಿಸಿ ಜೋಡಿಸಿದರು, ಎಳೆದಲ್ಲೆಲ್ಲ ಕುಗ್ಗಿಸಿದರು, ಸ್ವರ ಜಾರಿದಲ್ಲೆಲ್ಲ ಎತ್ತಿ ಕೂರಿಸಿದರು. ನಾಲ್ಕರ ಲೆಕ್ಕಕ್ಕೆ ಉಪ್ಪಿನಯ್ಯ ಬಂದು ಅಚ್ಚುಕಟ್ಟಾಗಿ ನಿಂತ. ಎಲ್ಲ ಆದ ಮೇಲೆ ಅಪ್ಪನ ದನಿಯನ್ನೇ ತೆಗೆದು ಅವನಿಂದ ಹಾಡಿಸಿದರು, ಯಾಕೆಂದರೆ ಅಪ್ಪನ ದನಿಯಲ್ಲಿ ಗದ್ದಲ ಜಾಸ್ತಿಯಿತ್ತು. ಗದ್ದಲ ಅಂದರೆ ಕತ್ತಿ.

ಮೂರನೆಯ ಸಾಲಿನ ಹತ್ತಿರ ಬಂದು ಎಲ್ಲರೂ ನಿಂತಿದ್ದರು. ‘ಸಂತ, ಈ ಲೈನು ಯಾಕೋ ಡೌನ್ ಮಾಡುತ್ತೆ ಕಣೋ’ ಎಂದ ಗಿಟಾರಿನವನು. ‘ನಾಲಿಗೆ ಏಳಲಿಲ್ಲ ಅಂದ್ರೆ ಜನಕ್ಕೆ ಡಾಕ್ಟರ್ ನೆನಪಾಗ್ತಾನೆ. ಅಲ್ಲಿ ನಾನು ನುಡಿಸ್ತೀನಿ. ಅರ್ಥ ಅದೇ ಬರುತ್ತೆ, ಮಾತಿಲ್ಲದೆ.’ ಬೇಡ ಎಂದು ಅವನೊಬ್ಬ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳಲು ನಾಲಿಗೆ ಏಳಲಿಲ್ಲ ಎಂದು ಈಗ ತನಗೆ ತಾನೇ ಅಂದುಕೊಂಡು ಅದರ ಜಾಣತನಕ್ಕೆ ಅಸಹ್ಯಪಟ್ಟ. ನಿಜ ಏನೆಂದರೆ ಆವತ್ತು ಅವನಿಗೂ ಗಿಟಾರು ಇಷ್ಟವಾಗಿತ್ತು. ಅದೇ ಗುಂಗಿನಲ್ಲಿ ಕೊನೆಯ ಸಾಲಿನ ‘ತಾಯೆ’ಯನ್ನು ತೆಗೆದು ‘ಓ ಹೋ’ ಹಾಕಿದ್ದು ಸ್ವತಃ ಅವನೇ. ಗಿಟಾರಿನವನು ನುಡಿಸುವಾಗ ಒಂದು ಕಡೆ ತಂತಿಯನ್ನು ಬೇಕಾದದ್ದಕ್ಕಿಂತ ಹೆಚ್ಚು ಎಳೆದು, ಸ್ವರ ವಾಲಿ, ಬೆರಳು ಜಾರಿ ‘ಟ್ಯೊಂಯ್’ ಎಂದು ನಗೆಪಾಟಲಾಗಿತ್ತು. ಊಟಕ್ಕೆ ಹೊತ್ತಾಗಿತ್ತು. ‘ಇರ್ಲಿ ಬಿಡು, ಫೀಲ್ ಇದೆ’ ಎಂದು ಅದನ್ನು ಹಾಗೆಯೇ ಬಿಟ್ಟರು. ಅಪ್ಪ ನಿಂತಿದ್ದೆಲ್ಲ ತಪ್ಪಾಗಿ, ಗಿಟಾರಿನವನು ಜಾರಿದ್ದು ಫೀಲ್ ಆದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ.

ಅಪ್ಪ ಕಾರ್ಯಕ್ರಮಕ್ಕೆ ಬಂದದ್ದು ಒಂದೇ ಸಲ. ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಸ್ಪೀಕರಿನ ಪಕ್ಕವೇ ಕೂತಿದ್ದ. ‘ನನ್ನ ಗುರು, ನನ್ನ ತಂದೆ, ಇಲ್ಲೇ ಇದ್ದಾರೆ’ ಎಂದು ಅವನು ಮೈಕಿನಲ್ಲಿ ಹೇಳಿದಾಗ ಬೆಳಕಿನವನು ಅಪ್ಪನ ಮುಖಕ್ಕೆ ದೀಪ ಬಿಟ್ಟ. ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದ. ಜನ ಎದ್ದು ಕುಣಿದರು. ಮುಗಿದ ಮೇಲೆ, ಬೆನ್ನು ತಟ್ಟಿಸಿಕೊಳ್ಳಲು ಬಂದ ಮಗನನ್ನು ಅಪ್ಪ ಕೇಳಿದ್ದ. ‘ಉಪ್ಪು ಹೊತ್ತವನಿಗೆ ಮಳೆ ಬಂದ್ರೆ ಅವನು ಕುಣೀತಾನೇನೋ?’ ಅಷ್ಟೇ. ಆಮೇಲೆ ಆ ವಿಷಯ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಮುನಿಸು ಅಂತ ಏನೂ ಹೇಳುವ ಹಾಗಿಲ್ಲ. ಮನೆಗೆ ಬಂದಾಗ ಕೂರುವ ಹೊತ್ತು ಕಡಿಮೆಯಾಯಿತು, ಫೋನಿನಲ್ಲಿ ಆರೋಗ್ಯ, ಬಿಸಿಲು ಇಷ್ಟಕ್ಕೇ ಮಾತು ಮುಗಿಯಿತು. ಹೊಟ್ಟೆಯೊಳಗೆ ಮಾತ್ರ ಆ ಒಂದು ಪ್ರಶ್ನೆ ಕೂತೇ ಇತ್ತು. ಅಪ್ಪನಿಗೆ ಏನು ಗೊತ್ತು, ಸಂಗೀತವೆಂದರೆ ಬೆಳೆಯಬೇಕು, ಹಳತು ಹೊಸತಾಗಬೇಕು ಎಂದು ಎಷ್ಟೋ ಸಂದರ್ಶನಗಳಲ್ಲಿ ಅವನು ಉತ್ತರ ಕೊಟ್ಟ. ಕೇಳಿದವರು ಬೇರೆ, ಉತ್ತರ ಹೋಗಬೇಕಾಗಿದ್ದುದು ಬೇರೆ ಕಡೆಗೆ.

ಈ ವಾರವಿಡೀ ಅವನು ಆ ಧಾಟಿಯನ್ನು ಹುಡುಕಿದ್ದ. ಮೊಬೈಲು ಬದಲಾಗಿತ್ತು. ಮಿಕ್ಸಿಂಗಿನವನಿಗೆ ಫೋನು ಮಾಡಿದರೆ, ‘ಯಾವ ಒರಿಜಿನಲ್ಲೋ? ಕ್ಲೀನ್ ಮಾಡಿದ್ದೊಂದು ಇದೆ, ಕಳಿಸ್ಲಾ?’ ಎಂದ. ಕಳಿಸಿದ. ಅದರಲ್ಲಿ ಅಪ್ಪ ಹೊಳಪು ಕೊಟ್ಟ ಪಾತ್ರೆಯ ಹಾಗೆ ಫಳಫಳ ಎನ್ನುತ್ತ, ನಾಲ್ಕರ ಲೆಕ್ಕ ತಪ್ಪದೆ, ಮೂರನೆಯ ಸಾಲಿಲ್ಲದೆ ಹಾಡುತ್ತಿದ್ದ. ಅಕ್ಕನನ್ನು ಕೇಳಿದ. ‘ನನಗೆಲ್ಲಿ ಗೊತ್ತಾಗ್ಬೇಕೋ? ಅಂಗಡಿಗೆ ನಿನ್ನನ್ನ ಕರ್ಕೊಂಡು ಹೋಗ್ತಿದ್ದ, ನನ್ನನ್ನಲ್ಲ. ನನ್ನ ತಲೇಲಿ ನಿನ್ನದೇ ಬರೋದು, ಟೀವೀಲಿ ಬಂದಿದ್ದೇ ಬರುತ್ತಲ್ಲ.’ ಅವಳು ಸೊಪ್ಪು ಬಿಡಿಸುತ್ತ ತಣ್ಣಗೆ ಹೇಳಿದಳು. ಅಪ್ಪ ಊರಿನವರ ತಲೆ ಬೋಳಿಸಿ ಸಂಸಾರ ಸಾಕಿದ. ತಾನು ಅಪ್ಪನದೂ ಉಪ್ಪಿನಯ್ಯನದೂ ಸೇರಿಸಿ ಒಂದೇ ಸಲಕ್ಕೆ ಬೋಳಿಸಿದೆ ಎಂದು ಅವನಿಗೆ ಅನ್ನಿಸಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆದರೆ ಇಲ್ಲಿ ಬಾಯಾರಿ ಕೂತವನು ಅಪ್ಪ, ಅದೇ ಅನ್ಯಾಯ.

ಈ ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಳ್ಳುವಾಗ ಉಪಾಯ ಹೊಳೆದಿತ್ತು. ಧಾಟಿ ಬಾಯಲ್ಲಿಲ್ಲದಿದ್ದರೆ ಕೈಯಲ್ಲಿರಬೇಕು. ಅಪ್ಪನ ಕತ್ತಿಯಿಂದಲೇ ಅಪ್ಪನಿಗೆ ಕ್ಷೌರ ಮಾಡಿದರೆ, ಒರೆಸುವಲ್ಲಿ ನಿಂತು, ಎಳೆಯುವಲ್ಲಿ ಎಳೆದರೆ, ಹಾಡು ತಾನಾಗಿ ದಾರಿ ಹಿಡಿದು ಬಂದೀತು. ಮಗ ಹಾಡುತ್ತಾನೆ, ತಂದೆಯ ತುಟಿ ಅಲುಗುತ್ತದೆ, ಕಿಟಕಿಯಿಂದ ಬೆಳಕು. ಇಷ್ಟು ಚೆಂದದ ಉಪಾಯಗಳು ಸಾಮಾನ್ಯವಾಗಿ ಬಣ್ಣದ ಜಾಹೀರಾತಿನವರಿಗೇ ಹೊಳೆಯುವುದು ಎಂದು ಅವನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಕಣ್ಣು ಒದ್ದೆಯಾಗಿತ್ತು.

‘ಕತ್ತಿ ಒಳಗೆ ತರೋ ಹಾಗಿಲ್ಲ’ ಎಂದಳು ಟೀಚರಮ್ಮ, ಅವನನ್ನು ಒಳಗೆ ಕರೆದು, ಅವನು ಬಟ್ಟೆಯ ಸುರುಳಿ ಬಿಚ್ಚಿದ ಕೂಡಲೆ. ‘ರೂಲ್ಸು. ಆದ್ರೆ ಯೋಚನೆ ಚೆನ್ನಾಗಿದೆ. ಇರಿ.’ ಕತ್ತಿಯನ್ನು ಕಪಾಟಿನಲ್ಲಿಟ್ಟು, ಎರಡು ದಿನ ಬಳಸಿ ಬಿಸಾಡುವ ಹಳದಿ ಪ್ಲಾಸ್ಟಿಕ್ಕಿನ ರೇಜರೊಂದನ್ನು ತಂದುಕೊಟ್ಟಳು. ಅಪ್ಪ ಗಾಲಿಕುರ್ಚಿಯಲ್ಲಿ ಕೂತು ಆ ರೇಜರನ್ನು ನೋಡಿದ. ಮುಖದ ಅರ್ಧ ಮಾತ್ರ ಮಾತು ಕೇಳುತ್ತಿತ್ತು. ಆ ಅರ್ಧದಲ್ಲಿಯೇ, ಬಾಗಿಲಲ್ಲಿ ಸತ್ತ ಇಲಿ ಕಂಡಾಗ ಬರುವಷ್ಟು ತಾತ್ಸಾರ ಬಂತು. ನೀರಿನ ಬಟ್ಟಲು ಹಿಡಿದು ಅಕ್ಕ ಮಗ್ಗುಲಲ್ಲಿ ನಿಂತಳು. ಅವನು ನೊರೆ ಹಚ್ಚಿದ. ಅಪ್ಪನ ಮುಖವನ್ನು ತಾನು ಮುಟ್ಟಿ ಎಷ್ಟು ಕಾಲವಾಯಿತೆಂದು ನೆನಪು ಮಾಡಿಕೊಳ್ಳಲು ಹೋದ. ಮುಟ್ಟಿದ ನೆನಪೇ ಇರಲಿಲ್ಲ. ಕೆನ್ನೆ ಮೆತ್ತಗಿತ್ತು, ಒಂದು ಕಡೆ ಜೋತುಬಿದ್ದಿತ್ತು, ಇಷ್ಟು ಚಿಕ್ಕದಾಗಿತ್ತು. ಗಲ್ಲ ಹಿಡಿದು ತಲೆಯನ್ನು ಹಿಂದಕ್ಕೆ ವಾಲಿಸಿದ. ಅಪ್ಪ ಕಣ್ಣು ಮುಚ್ಚಲಿಲ್ಲ. ಗಿರಾಕಿಗಳು ಅಪ್ಪನ ಕೈಯಲ್ಲಿ ಕಣ್ಣು ಮುಚ್ಚುತ್ತಿದ್ದರು.

‘ಮನೆಯೊಳಗೇ ಇದ್ದು’ ಎಂದು ಶುರು ಮಾಡಿದ. ಪ್ಲಾಸ್ಟಿಕ್ಕಿನದ್ದು ಕತ್ತಿಯ ಹಾಗೆ ಇಳಿಯಲಿಲ್ಲ, ಎರಡು ಬೆರಳಿನಷ್ಟು ಹೋಗಿ ಕೂದಲು ಕಚ್ಚಿ ನಿಂತಿತು. ಬಟ್ಟೆಗೆ ಒರೆಸಿದರೆ ನೊರೆ ಹೋಗುವುದಿಲ್ಲ, ನೀರಿನಲ್ಲಿ ಅಲ್ಲಾಡಿಸಬೇಕು. ಅಕ್ಕ ಬಟ್ಟಲು ಮುಂದೆ ಹಿಡಿಯುವಳು, ಅವನು ಅಲ್ಲಾಡಿಸುವನು, ಅಷ್ಟರಲ್ಲಿ ಸಾಲು ಎಲ್ಲಿತ್ತೋ ಮರೆತು ಹೋಗುವುದು. ಹಳೆಯ ಧಾಟಿ ಎಲ್ಲಿಂದಲೂ ಬರಲಿಲ್ಲ. ಬಂದದ್ದು ಜಾಹೀರಾತಿನದ್ದೇ, ಅಲ್ಲಲ್ಲಿ ಮುರಿದು, ಕುಂಟುತ್ತ. ಅಪ್ಪನ ತುಟಿ ನೊರೆಯ ನಡುವೆ ಬಿಗಿದೇ ಇತ್ತು. ಎರಡನೆಯ ಸಾಲು ಮುಗಿಯಿತು. ಅವನು ಗಲ್ಲವನ್ನು ಇನ್ನಷ್ಟು ಎತ್ತಿ ಗಂಟಲಿಗೆ ಬಂದ. ಇಲ್ಲಿ ಆ ಸಾಲು. ತಾನು ಕೈಯಾರೆ ಕಿತ್ತು ಹಾಕಿದ್ದು. ಯಾರೂ ಅಲ್ಲವೆನ್ನಲು. ಮಾತುಗಳೆಲ್ಲ ಇದ್ದವು, ಯಾವ ಸ್ವರದಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ. ಕೈಯೂ ನಿಂತಿತು. ಅಕ್ಕನ ಬಟ್ಟಲಿನಲ್ಲಿ ನೀರು ಅಲುಗುತ್ತಿತ್ತು. ಟೀಚರಮ್ಮ ಗಡಿಯಾರ ನೋಡಿದಳು. ಮುಗಿಯಿತು, ಇನ್ನು ಇದು ಬರುವುದಿಲ್ಲ, ನನ್ನಿಂದಾಗಿಯೇ ಬರುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಅನ್ನಿಸಿತು.

‘ಟ್ಯಾಂ’ ಎಂದ ಅಪ್ಪ.

ಕೆಮ್ಮೋ ಏನೋ ಎಂದು ಅವನು ರೇಜರನ್ನು ಹಿಂದಕ್ಕೆಳೆದ. ‘ಟ್ಯಾಂ, ಟ ಟ ಟ್ಯಾಂ’ ಎಂದ ಅಪ್ಪ, ಕಿಟಕಿಯ ಕಡೆ ನೋಡುತ್ತ, ಬಾಯಿಯ ಒಂದೇ ಮೂಲೆಯಿಂದ, ನೊರೆ ಹಾರಿಸುತ್ತ. ಅದು ಗಿಟಾರು. ಮೂರನೆಯ ಸಾಲಿನ ಜಾಗದಲ್ಲಿ ಅವರು ತುಂಬಿದ್ದ ಗಿಟಾರು, ಮೊದಲಿನಿಂದ, ಸ್ವರಕ್ಕೆ ಸ್ವರ. ಏರುವಲ್ಲಿ ಅಪ್ಪನ ಹುಬ್ಬು ಏರಿತು. ಇಳಿಯುವಲ್ಲಿ ಗಲ್ಲ ಇಳಿಯಿತು. ಗಿಟಾರಿನವನ ಬೆರಳು ಜಾರಿದ ಆ ಜಾಗ ಬಂತು. ಅಪ್ಪ ಅಲ್ಲಿ ಸ್ವರವನ್ನು ಉದ್ದಕ್ಕೆ ಎಳೆದು, ವಾಲಿಸಿ, ‘ಟ್ಯೊಂಯ್’ ಎಂದು ಬಿಟ್ಟ. ಒಂದೆರಡು ಸಲ ಕೇಳಿದವರಿಗೆ ಅದು ಗೊತ್ತಾಗುವಂಥದ್ದಲ್ಲ. ತಂಡದವರಿಗೇ ಮರೆತು ಹೋಗಿತ್ತು. ಅವನು ರೇಜರು ಹಿಡಿದು ನಿಂತೇ ಇದ್ದ. ಇಲ್ಲಿಯೂ ಗೆದ್ದವನು ಗಿಟಾರಿನವನೇ ಎಂಬ ಹೊಟ್ಟೆಕಿಚ್ಚು ಮೊದಲು ಬಂತು, ಅದರ ಹಿಂದೆಯೇ ಅಳು ಬಂತು. ಗಿಟಾರು ಮುಗಿಯಿತು. ಅಪ್ಪ ಉಸಿರೆಳೆದುಕೊಂಡ.

‘ಮ’ ಎಂದ. ‘ಮ, ಮಳೆ. ಮಳೆ ಬಂತಲ್ಲ.’

ಬಟ್ಟಲು ಅಕ್ಕನ ಕೈಯಿಂದ ಜಾರಿ ನೆಲಕ್ಕೆ ಬಿದ್ದು ನೀರು ಎಲ್ಲರ ಕಾಲಿಗೆ ಹರಿಯಿತು. ಅಪ್ಪ ನಿಲ್ಲಿಸಲಿಲ್ಲ. ತಾರಸಿಯ ಮೇಲಿನ ಸಂಸಾರ ಎಷ್ಟು ಸಲ ಕುಣಿದಿತ್ತೋ ಅಷ್ಟೂ ಸಲ ‘ಮಳೆ ಬಂತಲ್ಲ’ ಎಂದ. ಸಲದಿಂದ ಸಲಕ್ಕೆ ಅಕ್ಷರ ಸ್ವಲ್ಪ ಸ್ವಲ್ಪ ತಿಳಿಯಾಯಿತು. ಜೀವಮಾನವಿಡೀ ‘ತಾಯೆ’ ಎಂದು ಮುಗಿಸಿದವನು ಕೊನೆಯಲ್ಲಿ ‘ಓ ಹೋ’ ಎಂದು ಮುಗಿಸಿದ. ಟೀಚರಮ್ಮ ಚಪ್ಪಾಳೆ ತಟ್ಟಿದಳು. ‘ಈ ಹಾಡು ನಾನೂ ಕೇಳಿದೀನಿ’ ಎಂದಳು. ‘ಪೇಂಟಿಂದಲ್ವಾ?’

‘ಹೌದು’ ಎಂದ ಅವನು. ‘ಪೇಂಟಿಂದು.’

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನೆಲದ ನೀರಿನಲ್ಲೇ ಕುಕ್ಕರಿಸಿದ್ದಳು. ‘ಅಂಗಡೀಲಿ ನಿನ್ನ ಹಾಡನ್ನೇ ದಿನಾ ಹಾಕ್ತಿದ್ದ ಕಣೋ. ಗಿರಾಕಿಗಳು ಸಾಕು ನಿಲ್ಸಪ್ಪ ಅನ್ನೋವರೆಗೂ. ಅವನು ಬಾಯಲ್ಲಿ ಹಾಡೋದು ಬಿಟ್ಟೇ ಎಷ್ಟೋ ಕಾಲ ಆಗಿತ್ತು.’

‘ಮೊನ್ನೆ ಕೇಳ್ದಾಗ ಹೇಳ್ಲಿಲ್ವಲ್ಲೇ.’

‘ನೀನು ಕೇಳಿದ್ದು ಹಳೇದರ ವಿಷಯ. ಇದನ್ನ ನಿನಗೆ ಹೇಳ್ಬೇಡ ಅಂದಿದ್ದ.’

‘ಯಾಕಂತೆ?’

‘ಚೆನ್ನಾಗಿದೆ ಅಂತ ಗೊತ್ತಾದ್ರೆ ಮಿಕ್ಕಿದ ಪದಾನೂ ಹೀಗೇ ಮಾಡ್ತಾನೆ ಅಂತ.’

ಅವನು ಅಪ್ಪನ ಕಡೆ ತಿರುಗಿದ. ಅರ್ಧ ಕೆನ್ನೆ ನುಣ್ಣಗೆ, ಅರ್ಧ ಕೆನ್ನೆ ನೊರೆ. ನುಣ್ಣಗಿದ್ದ ಕಡೆ ರೇಜರು ಕಚ್ಚಿ ಒಂದು ಹನಿ ರಕ್ತ ಮೂಡಿತ್ತು. ಹಳೆಯ ಧಾಟಿ ಈ ಕೋಣೆಯಲ್ಲಿದ್ದ ಯಾರ ಬಾಯಲ್ಲೂ ಇರಲಿಲ್ಲ, ಇನ್ನು ಎಲ್ಲಿಯೂ ಇರಲಿಲ್ಲ. ಅದನ್ನು ಕಳೆದದ್ದು ತಾನು, ಮತ್ತು ತನ್ನ ಜೊತೆಗೆ, ಬೇಕೆಂದೇ, ದಿನಾ ಸ್ವಲ್ಪ ಸ್ವಲ್ಪವಾಗಿ, ಅಪ್ಪ. ಅವನಿಗೆ ಕ್ಷಮೆ ಕೇಳಬೇಕೆನ್ನಿಸಿತು, ಜಗಳವಾಡಬೇಕೆನ್ನಿಸಿತು. ‘ಇನ್ನೊಂದ್ಸಲ ಹಾಡಿ’ ಎಂದಳು ಟೀಚರಮ್ಮ. ‘ನಿಲ್ಲಿಸ್ಬೇಡಿ, ಈಗ ನಿಲ್ಲಿಸ್ಲೇಬೇಡಿ. ಮೊದಲಿಂದ.’ ಅವನು ಬಾಯಿ ತೆರೆದ. ಅಭ್ಯಾಸಬಲ, ಹಾಡು ಹೊರಡಲಿಲ್ಲ. ಕಿವಿ ಡ್ರಮ್ಮಿನವನಿಗಾಗಿ ಕಾಯುತ್ತಿತ್ತು.

ಅಪ್ಪ ಅವನನ್ನು ಸ್ವಲ್ಪ ಹೊತ್ತು ನೋಡಿದ, ಉದ್ದ ಕೂದಲನ್ನು ನೋಡುವ ಅದೇ ಹಳೆಯ ನೋಟ. ಆಮೇಲೆ ಎಡಗೈ ಎತ್ತಿ, ಗಾಲಿಕುರ್ಚಿಯ ಕಬ್ಬಿಣದ ಹಿಡಿಯ ಮೇಲೆ, ಬೆರಳಿನ ಗೆಣ್ಣಿನಿಂದ, ನಾಲ್ಕು ಸಲ ತಟ್ಟಿದ.